ಎಸ್ಪ್ರೆಸೊ ಮೆಷಿನ್ ಬಿಸಿಯಾದ ಕೂಡಲೇ ಮನೆಯ ಆರ್‌ಸಿಸಿಬಿ ಟ್ರಿಪ್ ಆಗುತ್ತಿದೆ, ಎಲ್ಲಿಂದ ಹುಡುಕಲಿ?

ಕರಾವಳಿ_ಕಾಫಿ (ಮಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಸಣ್ಣ ಎಸ್ಪ್ರೆಸೊ ಮೆಷಿನ್ ಇದೆ. ಸಿಂಗಲ್ ಬಾಯ್ಲರ್, ವೈಬ್ರೇಷನ್ ಪಂಪ್. ಹಿಂಬದಿಯ ತಗಡಿನ ಮೇಲೆ 230 ವೋಲ್ಟ್, 1350 ವಾಟ್ ಎಂದು ಬರೆದಿದೆ. ಮಳೆಗಾಲ ಪೂರ್ತಿ ಅದನ್ನು ಬಳಸಿರಲಿಲ್ಲ. ಈಗ ಆನ್ ಮಾಡಿದರೆ ಲೈಟ್ ಬರುತ್ತದೆ, ಬಾಯ್ಲರ್ ಬಿಸಿಯಾಗಲು ಶುರುವಾಗುತ್ತದೆ. ಮೂರ್ನಾಲ್ಕು ನಿಮಿಷಕ್ಕೆ ಟಪ್ ಅಂತ ಇಡೀ ಮನೆಯ ಕರೆಂಟ್ ಹೋಗುತ್ತದೆ. ಡಿಬಿ ಬಾಕ್ಸಿನಲ್ಲಿ (ಮನೆಯ ಕರೆಂಟ್ ಹಂಚುವ ಪೆಟ್ಟಿಗೆ) ಕೆಳಗೆ ಬೀಳುವುದು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಬೀಳುವ ಸ್ವಿಚ್. ಶಾರ್ಟ್, ಓವರ್‌ಲೋಡ್ ಆದರೆ ಬೀಳುವ ಅಡುಗೆಮನೆಯ ಎಂಸಿಬಿ ಹಾಗೇ ಇರುತ್ತದೆ.

ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಬಂದು ನೋಡಿದರು. "ಪ್ಲಗ್‌ನ ಅರ್ಥ್ ಪಿನ್ ತೆಗೆದುಬಿಡಿ, ಆಮೇಲೆ ಟ್ರಿಪ್ ಆಗೋದಿಲ್ಲ" ಅಂದರು. ನನಗೆ ಯಾಕೋ ಸರಿ ಕಾಣಲಿಲ್ಲ. ಮನೆಯಲ್ಲಿ ಸಣ್ಣ ಮಗು ಇದೆ. ನನ್ನ ಹತ್ತಿರ ಒಂದು ಮಲ್ಟಿಮೀಟರ್ ಇದೆ, ಸ್ಕ್ರೂ ಬಿಚ್ಚಿ ನೋಡುವಷ್ಟು ಧೈರ್ಯವೂ ಇದೆ. ಎಲ್ಲಿಂದ ಶುರು ಮಾಡಲಿ?

ನಿರ್ವಾಹಕರು

ಅರ್ಥ್ ಪಿನ್ ತೆಗೆಯಬೇಡಿ. ಈ ಎಳೆಯಲ್ಲಿ ಯಾರೂ ಆ ಸಲಹೆ ಕೊಡಬೇಡಿ, ಕೊಟ್ಟರೆ ಅಳಿಸಲಾಗುತ್ತದೆ. ಕವರ್ ಬಿಚ್ಚುವ ಮೊದಲು ಪ್ಲಗ್ ಗೋಡೆಯಿಂದ ಹೊರಗೆ ಬಂದಿರಬೇಕು. ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು.

ಹಾಸನದ_ವೈರ್‌ಮನ್

ಕರಾವಳಿ ಅವರೇ, ನಿಮಗೆ ಸರಿ ಕಾಣದಿದ್ದದ್ದೇ ಸರಿ. ಅರ್ಥ್ ತೆಗೆದರೆ ಟ್ರಿಪ್ ನಿಲ್ಲುತ್ತದೆ, ಆದರೆ ಒಳಗಿನ ಲೀಕೇಜ್ ನಿಲ್ಲುವುದಿಲ್ಲ. ಅದು ಮೆಷಿನ್ನಿನ ಸ್ಟೀಲ್ ಮೈಯಲ್ಲೇ ಉಳಿಯುತ್ತದೆ. ಒಂದು ಕೈಯಲ್ಲಿ ಪೋರ್ಟಾಫಿಲ್ಟರ್ (ಕಾಫಿ ಪುಡಿ ತುಂಬುವ ಹಿಡಿ) ಹಿಡಿದು, ಇನ್ನೊಂದು ಒದ್ದೆ ಕೈಯನ್ನು ಸಿಂಕಿನ ನಲ್ಲಿಯ ಮೇಲಿಟ್ಟವರ ಮೈ ಮೂಲಕ ನೆಲಕ್ಕೆ ಇಳಿಯುತ್ತದೆ. ಅಡುಗೆಮನೆಯಲ್ಲಿ ಇದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ.

ನಿಮ್ಮ ಪೋಸ್ಟ್‌ನಲ್ಲೇ ಅರ್ಧ ಉತ್ತರ ಇದೆ. ಎಂಸಿಬಿ ಬಿದ್ದಿಲ್ಲ, ಅಂದರೆ ಶಾರ್ಟ್ ಇಲ್ಲ, ಓವರ್‌ಲೋಡ್ ಇಲ್ಲ. ಆರ್‌ಸಿಸಿಬಿ ಬಿದ್ದಿದೆ, ಅಂದರೆ ಫೇಸ್‌ನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿಲ್ಲ, ಸ್ವಲ್ಪ ಬೇರೆ ದಾರಿಯಲ್ಲಿ ಭೂಮಿಗೆ ಹೋಗುತ್ತಿದೆ. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರಿನದು. ಅದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಹಾಗಾಗಿ ಬೇಕಾಗುವ ಲೀಕೇಜ್ ಬಹಳ ಕಡಿಮೆ.

ಈ ಕೆಲಸದಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಯಾವಾಗ ಬೀಳುತ್ತದೆ? ಪ್ಲಗ್ ಹಾಕಿ ಗೋಡೆಯ ಸ್ವಿಚ್ ಒತ್ತಿದ ಕ್ಷಣಕ್ಕೇ ಬಿದ್ದರೆ ಕೇಬಲ್, ಮೆಷಿನ್ನಿನ ಮೇನ್ ಸ್ವಿಚ್, ಇಲ್ಲವೇ ಒಳಗಿನ ಫಿಲ್ಟರ್ (ಕಾಫಿಯದಲ್ಲ, ಕರೆಂಟಿನ ಗದ್ದಲ ತಡೆಯುವ ಭಾಗ) ನೋಡಬೇಕು. ಪಂಪ್ ಒತ್ತಿದಾಗ ಮಾತ್ರ ಬಿದ್ದರೆ ಪಂಪ್ ಅಥವಾ ಸೊಲೆನಾಯ್ಡ್ ವಾಲ್ವ್‌ನ ಕಾಯಿಲ್‌ಗೆ ನೀರು ತಾಗಿರುತ್ತದೆ. ಸ್ಟೀಮ್ ಬಿಡುವಾಗ ಮಾತ್ರ ಬಿದ್ದರೆ ಎಲ್ಲೋ ಆವಿ ಸೋರಿ ಟರ್ಮಿನಲ್ ಒದ್ದೆಯಾಗುತ್ತಿದೆ. ನಿಮ್ಮ ಹಾಗೆ ಬಿಸಿಯಾಗುತ್ತಾ ಕೆಲವು ನಿಮಿಷಕ್ಕೆ ಬಿದ್ದರೆ ನನ್ನ ಮೊದಲ ಅನುಮಾನ ಹೀಟಿಂಗ್ ಎಲಿಮೆಂಟ್ ಮೇಲೆ.

ಕಾರಣ ಹೇಳುತ್ತೇನೆ. ಎಲಿಮೆಂಟ್ ಅಂದರೆ ಲೋಹದ ಕೊಳವೆ, ನಡುವೆ ನಿಕ್ರೋಮ್ ತಂತಿ, ಎರಡರ ಮಧ್ಯೆ ಗಟ್ಟಿಯಾಗಿ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ. ಆ ಪುಡಿ ಕರೆಂಟನ್ನು ತಡೆಯುತ್ತದೆ, ಬಿಸಿಯನ್ನು ಬಿಡುತ್ತದೆ. ಆದರೆ ಅದಕ್ಕೆ ತೇವ ಹೀರುವ ಗುಣ ಇದೆ. ಕೊಳವೆಯ ತುದಿಯ ಸೀಲ್ ಬಿರುಕು ಬಿಟ್ಟಿದ್ದರೆ ಮಂಗಳೂರಿನ ಮಳೆಗಾಲದ ಗಾಳಿಯೇ ಸಾಕು. ಬಳಸುತ್ತಿದ್ದರೆ ದಿನಾ ಬಿಸಿಗೆ ಒಣಗುತ್ತಿರುತ್ತದೆ, ನಿಂತುಬಿಟ್ಟರೆ ತೇವ ಒಳಗೇ ಸೇರುತ್ತದೆ. ತೇವ ಇರುವ ಎಲಿಮೆಂಟ್ ಬಿಸಿಯಾದಾಗ ಲೀಕೇಜ್ ಇನ್ನೂ ಏರುತ್ತದೆ. ಗೀಸರ್‌ಗಳಲ್ಲೂ ಇದೇ ಕಥೆ.

ಪ್ಲಗ್ ತೆಗೆದು, ಮೆಷಿನ್ ಪೂರ್ತಿ ತಣ್ಣಗಾದ ಮೇಲೆ ಎಲಿಮೆಂಟ್‌ನ ಎರಡೂ ವೈರ್ ಬಿಚ್ಚಿ. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಎರಡು ಟರ್ಮಿನಲ್ ನಡುವೆ ಎಷ್ಟು ಓಮ್, ಪ್ರತಿ ಟರ್ಮಿನಲ್‌ನಿಂದ ಬಾಯ್ಲರ್ ಲೋಹಕ್ಕೆ ಎಷ್ಟು ಓಮ್, ಬರೆಯಿರಿ.

ಬಸವನಗುಡಿ_ಬ್ರೂ

ವೈರ್‌ಮನ್ ಸರ್, ನಾನೂ ಇಲ್ಲೇ ಕೇಳಬಹುದಾ? ನನ್ನ ಮೆಷಿನ್ ಟ್ರಿಪ್ ಆಗುವುದಿಲ್ಲ, ಆದರೆ ಬಿಸಿಯೇ ಆಗುತ್ತಿಲ್ಲ. ಪಿಐಡಿ (ಬಿಸಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಭಾಗ) ಇರುವ ಮಾಡೆಲ್. ಡಿಸ್‌ಪ್ಲೇ ಬರುತ್ತದೆ, ಪಂಪ್ ಓಡುತ್ತದೆ, ನೀರು ತಣ್ಣಗೇ ಬರುತ್ತದೆ. ಹಿಂದಿನ ದಿನ ಸ್ಟೀಮ್ ಮಾಡದೇ ಇದ್ದರೂ ಕಾಫಿ ಇಳಿಯುವ ಗ್ರೂಪ್‌ನಿಂದ ಆವಿ ಬುಸುಗುಟ್ಟುತ್ತಿತ್ತು.

ಹಾಸನದ_ವೈರ್‌ಮನ್

ಮೇಡಂ, ಕೇಳಿ, ಒಂದೇ ಎಳೆಯಲ್ಲಿದ್ದರೆ ಬೇರೆಯವರಿಗೂ ಉಪಯೋಗ. ಹಿಂದಿನ ದಿನದ ಆ ಆವಿಯೇ ನಿಮ್ಮ ಮುಖ್ಯ ಸುಳಿವು. ಪಿಐಡಿ ಮೆಷಿನ್‌ಗಳಲ್ಲಿ ಹೀಟರ್ ಅನ್ನು ಆನ್, ಆಫ್ ಮಾಡುವುದು ಸಾಲಿಡ್ ಸ್ಟೇಟ್ ರಿಲೇ ಅಥವಾ ಬೋರ್ಡಿನ ಮೇಲಿನ ಟ್ರೈಯಾಕ್. ಇವು ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತವೆ. ಪಿಐಡಿ ಸಾಕು ಅಂದರೂ ಹೀಟರ್ ಉರಿಯುತ್ತಲೇ ಇರುತ್ತದೆ. ಕೊನೆಗೆ ಬಾಯ್ಲರ್ ಮೈಗೆ ಅಂಟಿಕೊಂಡಿರುವ ಥರ್ಮಲ್ ಫ್ಯೂಸ್ ಸುಟ್ಟು ನಿಮ್ಮನ್ನು ಉಳಿಸುತ್ತದೆ.

ಅದು ಒಂದೇ ಸಲ ಕೆಲಸ ಮಾಡುವ ಫ್ಯೂಸ್. ಮತ್ತೆ ತಾನಾಗಿ ಸರಿಹೋಗುವುದಿಲ್ಲ. ಕಂಟಿನ್ಯೂಟಿ ನೋಡಿ, ಬೀಪ್ ಬರದಿದ್ದರೆ ಹೋಗಿದೆ ಎಂದರ್ಥ. ಆದರೆ ಹೊಸ ಫ್ಯೂಸ್ ಹಾಕಿ ಸುಮ್ನೆ ಕವರ್ ಮುಚ್ಚಬೇಡಿ. ರಿಲೇ ಶಾರ್ಟ್ ಆಗಿದ್ದರೆ ಹೊಸದೂ ಅದೇ ದಿನ ಹೋಗುತ್ತದೆ. ರಿಲೇಯ ಔಟ್‌ಪುಟ್ ಕಡೆಯ ಎರಡು ವೈರ್ ಬಿಚ್ಚಿ ಓಮ್ ನೋಡಿ. ಸೊನ್ನೆಯ ಹತ್ತಿರ ಬಂದರೆ ರಿಲೇ ಹೋಗಿದೆ. ಕೆಲವರು ಫ್ಯೂಸ್ ಜಾಗಕ್ಕೆ ತಾಮ್ರದ ತಂತಿ ಸುತ್ತಿ "ಸರಿಯಾಯ್ತು" ಅನ್ನುತ್ತಾರೆ. ಆಮೇಲೆ ಆ ಬಾಯ್ಲರ್ ಅತಿಯಾಗಿ ಕಾದರೆ ಹೀಟರ್ ಆಫ್ ಮಾಡಲು ಏನೂ ಉಳಿದಿರುವುದಿಲ್ಲ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಎಸ್‌ಪಿ_ರೋಡ್_ಸಂಚಾರಿ

ಬಸವನಗುಡಿ ಅವರೇ, ಬೆಂಗಳೂರಿನಲ್ಲೇ ಇದ್ದೀರಿ, ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಹಳೆಯ ಥರ್ಮಲ್ ಫ್ಯೂಸ್ ಮೈಮೇಲೆ ಡಿಗ್ರಿ ಮತ್ತು ಆಂಪಿಯರ್ ಎರಡೂ ಅಚ್ಚಾಗಿರುತ್ತವೆ. ಎರಡೂ ಅದೇ ಇರಬೇಕು. "ಇದೂ ನಡೆಯುತ್ತೆ" ಅಂತ ಹೆಚ್ಚಿನ ಡಿಗ್ರಿಯದು ಕೊಟ್ಟರೆ ತರಬೇಡಿ. ಸುತ್ತಲಿನ ವೈರ್‌ಗೆ ಸಿಲಿಕೋನ್ ಅಥವಾ ಫೈಬರ್ ಗ್ಲಾಸ್ ಹೊದಿಕೆಯದೇ ಕೇಳಿ. ಮನೆ ವೈರಿಂಗಿನ ಸಾಮಾನ್ಯ ಪಿವಿಸಿ ವೈರ್ 70 ಡಿಗ್ರಿಗೆ ಮಾಡಿದ್ದು, ಬಾಯ್ಲರ್ ಪಕ್ಕ ಮೆತ್ತಗಾಗುತ್ತದೆ.

ಇನ್ನೊಂದು ವಿಷಯ. ಥರ್ಮಲ್ ಫ್ಯೂಸನ್ನು ಸೋಲ್ಡರ್ ಮಾಡಬೇಡಿ. ಸೋಲ್ಡರಿಂಗ್ ಐರನ್ 300 ಡಿಗ್ರಿ ದಾಟಿರುತ್ತದೆ, ಫ್ಯೂಸ್ ಅಲ್ಲೇ ಸುಟ್ಟುಹೋಗುತ್ತದೆ. ಕ್ರಿಂಪ್ ಮಾಡುವ ಲಗ್ ಮತ್ತು ಕ್ರಿಂಪಿಂಗ್ ಟೂಲ್ ಬಳಸಿ.

ಕರಾವಳಿ_ಕಾಫಿ (ಮಂಗಳೂರು)

ರೀಡಿಂಗ್ ತಂದಿದ್ದೇನೆ. ಎಲಿಮೆಂಟ್‌ನ ಎರಡು ಟರ್ಮಿನಲ್ ನಡುವೆ 39.6 ಓಮ್. ಟರ್ಮಿನಲ್‌ನಿಂದ ಬಾಯ್ಲರ್‌ಗೆ ಮೊದಲು 2 ಮೆಗಾಓಮ್ ಹತ್ತಿರ ತೋರಿಸುತ್ತದೆ, ಆಮೇಲೆ ಏರುತ್ತಾ ಏರುತ್ತಾ ಓಎಲ್ (ಮೀಟರಿನ ಅಳತೆ ಮೀರಿದ್ದು) ಆಗುತ್ತದೆ. ಓಎಲ್ ಅಂದರೆ ಲೀಕ್ ಇಲ್ಲ ಅಂತ ಅಲ್ವಾ? ಪಂಪ್ ಕೂಡ ನೋಡಿದೆ. ಅದರ ಎರಡು ಟರ್ಮಿನಲ್ ನಡುವೆ ಏನೂ ಬರುವುದಿಲ್ಲ, ಓಎಲ್. ಪಂಪ್ ಕೂಡ ಹೋಗಿದೆಯಾ?

ಹಾಸನದ_ವೈರ್‌ಮನ್

39.6 ಸರಿಯಾಗಿದೆ. ಲೆಕ್ಕ ಸುಲಭ: ವೋಲ್ಟೇಜನ್ನು ಅದರಿಂದಲೇ ಗುಣಿಸಿ ವಾಟ್‌ನಿಂದ ಭಾಗಿಸಿ. 230 ಗುಣಿಸು 230 ಅಂದರೆ 52,900. ಅದನ್ನು 1350ರಿಂದ ಭಾಗಿಸಿದರೆ 39.2. ಹಾಗಾಗಿ ಒಳಗಿನ ತಂತಿ ತುಂಡಾಗಿಲ್ಲ.

ಆದರೆ ತಂತಿ ಚೆನ್ನಾಗಿರುವುದು ಬೇರೆ, ಇನ್ಸುಲೇಷನ್ ಚೆನ್ನಾಗಿರುವುದು ಬೇರೆ. ನಿಮ್ಮ ಮಲ್ಟಿಮೀಟರ್ ಅಳೆಯುವುದು ಒಳಗಿನ ಸಣ್ಣ ಬ್ಯಾಟರಿಯ ಕೆಲವೇ ವೋಲ್ಟ್‌ನಲ್ಲಿ. ಮನೆಯ ಕರೆಂಟ್ 230 ವೋಲ್ಟ್. ಮೀಟರಿನಲ್ಲಿ ಸುಮ್ಮನಿದ್ದ ತೇವ ಆ ವೋಲ್ಟೇಜಿಗೆ ಸುಮ್ಮನಿರುವುದಿಲ್ಲ. ರೀಡಿಂಗ್ ನಿಲ್ಲದೆ ಏರುತ್ತಾ ಹೋಗುವುದೂ ಒಳಗೆ ತೇವ ಇರುವ ಲಕ್ಷಣ. ಇದಕ್ಕೆ ಬೇಕಿರುವುದು ಮೆಗ್ಗರ್. ಅದು 500 ವೋಲ್ಟ್ ಕೊಟ್ಟು ಅಳೆಯುತ್ತದೆ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಇದ್ದೇ ಇರುತ್ತದೆ, ಮೆಷಿನ್ ಅಲ್ಲಿಗೇ ಒಯ್ಯಿರಿ. ಎಲಿಮೆಂಟ್ ವೈರ್‌ಗಳು ಬಿಚ್ಚಿರಬೇಕು, ಇಲ್ಲದಿದ್ದರೆ 500 ವೋಲ್ಟ್ ಬೇರೆ ಭಾಗಗಳಿಗೂ ಹೋಗುತ್ತದೆ. ತಣ್ಣಗಿದ್ದಾಗ ಒಮ್ಮೆ, ಬಿಸಿಯಿದ್ದಾಗ ಒಮ್ಮೆ ನೋಡಲು ಹೇಳಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ನಾನು ಆ ಎಲಿಮೆಂಟ್ ಅನ್ನು ನಂಬುವುದಿಲ್ಲ.

ಪಂಪ್ ಹೋಗಿಲ್ಲ. ಉಲ್ಕಾ ಇಪಿ5, ಇಎಕ್ಸ್5 ತರಹದ ವೈಬ್ರೇಷನ್ ಪಂಪ್‌ಗಳ ಒಳಗೇ ಒಂದು ಡಯೋಡ್ ಇರುತ್ತದೆ. ಅದು ಎಸಿ ಕರೆಂಟಿನ ಅರ್ಧ ಅಲೆಯನ್ನು ಮಾತ್ರ ಬಿಡುತ್ತದೆ, ಆ ಎಳೆತಕ್ಕೆ ಪಿಸ್ಟನ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಓಮ್ ಮೋಡ್‌ನ ಸಣ್ಣ ವೋಲ್ಟೇಜ್ ಡಯೋಡ್ ದಾಟುವುದಿಲ್ಲ. ಡಯೋಡ್ ಮೋಡ್‌ಗೆ ಹಾಕಿ ನೋಡಿ, ಒಂದು ಕಡೆಯಿಂದ ಸಂಖ್ಯೆ ಬರಬೇಕು, ಪ್ರೋಬ್ ತಿರುಗಿಸಿದರೆ ಬರಬಾರದು. ಓಎಲ್ ನೋಡಿ ಎಷ್ಟೋ ಒಳ್ಳೆಯ ಪಂಪ್‌ಗಳನ್ನು ಜನ ಗುಜರಿಗೆ ಹಾಕುತ್ತಾರೆ.

ಫ್ರಾಂಕ್‌ಫರ್ಟ್_ಕನ್ನಡಿಗ

ಒಂದು ಸಂಬಂಧಪಟ್ಟ ಪ್ರಶ್ನೆ. ಇಲ್ಲಿ ಬಳಸುತ್ತಿದ್ದ ಮೆಷಿನ್ ಅನ್ನು ಶಿವಮೊಗ್ಗದ ಅಪ್ಪ ಅಮ್ಮನ ಮನೆಗೆ ಒಯ್ದೆ. ವೋಲ್ಟೇಜ್ ಒಂದೇ, ಪ್ಲಗ್ ಕೂಡ ಅಲ್ಲಿನ ಸಾಕೆಟ್‌ಗೆ ಹೋಯಿತು. ಟ್ರಿಪ್ ಇಲ್ಲ, ಕಾಫಿ ಚೆನ್ನಾಗಿ ಬರುತ್ತದೆ. ಆದರೆ ಮೆಷಿನ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ ಎಂದು ಅಮ್ಮ ಹೇಳುತ್ತಾರೆ. ಟೆಸ್ಟರ್ ಇಟ್ಟರೆ ಉರಿಯುತ್ತದಂತೆ. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಹಾಸನದ_ವೈರ್‌ಮನ್

ಸರ್, ಇವತ್ತೇ ಫೋನ್ ಮಾಡಿ ಆ ಮೆಷಿನ್ ಬಳಸಬೇಡಿ ಎಂದು ಅಮ್ಮನಿಗೆ ಹೇಳಿ. ಮೆಷಿನ್ ಕೆಟ್ಟಿರದೇ ಇರಬಹುದು, ಆದರೆ ಅದಕ್ಕೆ ಅರ್ಥ್ ಸಿಗುತ್ತಿಲ್ಲ.

ನಿಮ್ಮಲ್ಲಿಯ ದುಂಡು ಪ್ಲಗ್‌ಗೆ ಅರ್ಥ್ ಬರುವುದು ಬದಿಯ ಲೋಹದ ಪಟ್ಟಿಗಳಿಂದ. ಆ ಎರಡು ಪಿನ್ ನಮ್ಮ ಸಾಕೆಟ್‌ಗೆ ಹೇಗೋ ಹೋಗುತ್ತವೆ. ಆದರೆ ನಮ್ಮ ಸಾಕೆಟ್‌ನಲ್ಲಿ ಅರ್ಥ್ ಇರುವುದು ಮೇಲಿನ ದಪ್ಪ ತೂತಿನಲ್ಲಿ. ಎರಡೂ ಒಂದಕ್ಕೊಂದು ಸೇರುವುದೇ ಇಲ್ಲ. ಅಂಗಡಿಯ ಎಷ್ಟೋ ಕನ್ವರ್ಷನ್ ಪ್ಲಗ್‌ಗಳಲ್ಲೂ ಅರ್ಥ್ ಸೇರಿರುವುದಿಲ್ಲ.

ಜುಮ್ ಅನ್ನುವುದಕ್ಕೆ ಕಾರಣ ಒಳಗಿನ ಫಿಲ್ಟರ್ ಇರಬಹುದು. ಬೋರ್ಡ್ ಇರುವ ಮೆಷಿನ್‌ಗಳಲ್ಲಿ ಫೇಸ್‌ನಿಂದ ಬಾಡಿಗೆ, ನ್ಯೂಟ್ರಲ್‌ನಿಂದ ಬಾಡಿಗೆ ಒಂದೊಂದು ಸಣ್ಣ ಕೆಪಾಸಿಟರ್ ಇಟ್ಟಿರುತ್ತಾರೆ. ಅರ್ಥ್ ಇದ್ದಾಗ ಅದು ಗೊತ್ತೇ ಆಗುವುದಿಲ್ಲ. ಅರ್ಥ್ ಇಲ್ಲದಿದ್ದರೆ ಬಾಡಿಯ ಮೇಲೆ ಸುಮಾರು 115 ವೋಲ್ಟ್, ಅಂದರೆ ಅರ್ಧ ವೋಲ್ಟೇಜ್, ನಿಲ್ಲುತ್ತದೆ. ಕರೆಂಟ್ ಬಹಳ ಸಣ್ಣದು, ಹಾಗಾಗಿ ಜುಮ್ ಅನಿಸುತ್ತದೆ ಅಷ್ಟೇ. ಆದರೆ ನಾಳೆ ನಿಜವಾದ ಲೀಕೇಜ್ ಶುರುವಾದರೆ ಅದೂ ಇದೇ ಬಾಡಿಗೆ ಬರುತ್ತದೆ, ಆಗ ಅದನ್ನು ಭೂಮಿಗೆ ಒಯ್ಯಲು ಅರ್ಥ್ ಇರುವುದಿಲ್ಲ. ದುಂಡು ಪ್ಲಗ್ ಕತ್ತರಿಸಿ ನಮ್ಮ 16 ಆಂಪಿಯರ್ ಮೂರು ಪಿನ್ ಪ್ಲಗ್ ಹಾಕಿಸಿ. ಹಸಿರು ಹಳದಿ ವೈರ್ ದಪ್ಪ ಪಿನ್‌ಗೆ. ಹಾಗೆಯೇ ಆ ಸಾಕೆಟ್‌ಗೆ ಅರ್ಥ್ ನಿಜವಾಗಿಯೂ ಬಂದಿದೆಯಾ ನೋಡಿಸಿ. ಹಳೆಯ ಮನೆಗಳಲ್ಲಿ ತೂತು ಇರುತ್ತದೆ, ಹಿಂದೆ ವೈರ್ ಇರುವುದಿಲ್ಲ.

ಕಡೂರು_ತೋಟ

ಆರ್‌ಸಿಸಿಬಿ ಮೇಲಿನ "ಟಿ" ಬಟನ್ ಒತ್ತಿದರೆ ಬೀಳುತ್ತದಲ್ಲ, ಆಗ ಅರ್ಥ್ ಸರಿ ಇದೆ ಅಂತ ತಿಳಿಯಬಹುದಾ?

ಹಾಸನದ_ವೈರ್‌ಮನ್

ಇಲ್ಲ, ಇದನ್ನು ಎಲ್ಲರೂ ಗಮನಿಸಬೇಕು. ಆ ಬಟನ್ ಒಳಗಿನ ಒಂದು ರೆಸಿಸ್ಟರ್ ಮೂಲಕ ಫೇಸ್ ಮತ್ತು ನ್ಯೂಟ್ರಲ್ ನಡುವೆಯೇ ಬೇಕೆಂದೇ ಒಂದು ವ್ಯತ್ಯಾಸ ಮಾಡುತ್ತದೆ. ಅರ್ಥ್ ವೈರೇ ಇಲ್ಲದ ಮನೆಯಲ್ಲೂ ಬೀಳುತ್ತದೆ. ಬಟನ್ ಹೇಳುವುದು ಆರ್‌ಸಿಸಿಬಿ ಜೀವಂತ ಇದೆ ಅಂತ ಮಾತ್ರ. ನೆಲದಲ್ಲಿ ತೋಡಿದ ಅರ್ಥ್ ಗುಂಡಿ, ಅರ್ಥ್ ವೈರ್ ಬೇರೆಯೇ ಅಳೆಯಬೇಕು. ಮೀಟರಿನಲ್ಲಿ ಫೇಸ್‌ನಿಂದ ಅರ್ಥ್‌ಗೆ 230 ತೋರಿಸಿದರೂ ಪೂರ್ತಿ ನಂಬಬೇಡಿ. ಅರ್ಥ್ ವೈರಿನ ಒಂದೇ ಎಳೆ ತಾಗಿದ್ದರೂ ಮೀಟರ್ 230 ತೋರಿಸುತ್ತದೆ, ಲೋಡ್ ಬಿದ್ದರೆ ಅದು ತಡೆಯುವುದಿಲ್ಲ. ಅರ್ಥ್ ಟೆಸ್ಟರ್ ಇರುವ ಲೈಸೆನ್ಸ್ ಕಾಂಟ್ರಾಕ್ಟರ್ ಕೈಯಲ್ಲಿ ನೋಡಿಸಿ.

ಕಡೂರು_ತೋಟ

ಧನ್ಯವಾದ ಅಣ್ಣ. ನನ್ನದು ಇನ್ನೂ ವಿಚಿತ್ರ. ಕಾಫಿ ಮೆಷಿನ್ ಸ್ವಿಚ್ ಆಫ್ ಇರುತ್ತದೆ, ಪ್ಲಗ್ ಮಾತ್ರ ಹಾಕಿರುತ್ತದೆ. ಬೆಳಿಗ್ಗೆ ಗೀಸರ್ ಹಾಕಿದರೆ ಆರ್‌ಸಿಸಿಬಿ ಬೀಳುತ್ತದೆ. ಕಾಫಿ ಮೆಷಿನ್ ಪ್ಲಗ್ ತೆಗೆದರೆ ಗೀಸರ್ ಆರಾಮಾಗಿ ಓಡುತ್ತದೆ. ಗೀಸರ್ ಬದಲಿಸಿ ಅಂತ ಒಬ್ಬರು ಹೇಳಿದ್ದಾರೆ.

ಹಾಸನದ_ವೈರ್‌ಮನ್

ಗೀಸರ್ ಬದಲಿಸಬೇಡಿ, ದುಡ್ಡು ಉಳಿಸಿಕೊಳ್ಳಿ. ನಮ್ಮ ಗೋಡೆ ಸ್ವಿಚ್ ಫೇಸ್ ಮಾತ್ರ ಕಡಿಯುತ್ತದೆ. ನ್ಯೂಟ್ರಲ್ ಸೇರಿಕೊಂಡೇ ಇರುತ್ತದೆ. ನಿಮ್ಮ ಮೆಷಿನ್ ಒಳಗೆ ನ್ಯೂಟ್ರಲ್ ಕಡೆಯ ವೈರ್ ಎಲ್ಲೋ ಬಾಡಿಗೆ ನೇರವಾಗಿ ತಾಗಿರಬೇಕು. ಗೀಸರ್ ಹಾಕಿದಾಗ ಮನೆಯ ನ್ಯೂಟ್ರಲ್‌ನಲ್ಲಿ ದೊಡ್ಡ ಕರೆಂಟ್ ಹರಿಯುತ್ತದೆ. ಅದರಲ್ಲಿ ಒಂದು ಪಾಲು ನಿಮ್ಮ ಕಾಫಿ ಮೆಷಿನ್ ಮೂಲಕ ಅರ್ಥ್‌ಗೆ ಹೋಗುತ್ತದೆ, ಆರ್‌ಸಿಸಿಬಿ ಅದನ್ನು ಹಿಡಿಯುತ್ತದೆ. ಪ್ಲಗ್ ತೆಗೆದು, ನ್ಯೂಟ್ರಲ್ ಪಿನ್‌ನಿಂದ ಅರ್ಥ್ ಪಿನ್‌ಗೆ ಓಮ್ ನೋಡಿ. ಕಡಿಮೆ ಬಂದರೆ ಒಳಗೆ ಒಂದೊಂದೇ ಭಾಗದ ವೈರ್ ಬಿಚ್ಚುತ್ತಾ ಹೋಗಿ. ಯಾವುದು ಬಿಚ್ಚಿದಾಗ ರೀಡಿಂಗ್ ಮೇಲಕ್ಕೆ ಹಾರುತ್ತದೋ ಅದೇ ಅಪರಾಧಿ. ವೈರ್ ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಹೋಗಿದೆಯಾ ಎಂದೂ ನೋಡಿ. ವೈಬ್ರೇಷನ್ ಪಂಪ್ ಇಡೀ ಮೆಷಿನ್ ನಡುಗಿಸುತ್ತದೆ, ಬಿಗಿಯಾಗಿ ಕಟ್ಟದ ವೈರ್ ಕಾಲಕ್ರಮೇಣ ಸವೆಯುತ್ತದೆ.

ಬಸವನಗುಡಿ_ಬ್ರೂ

ವೈರ್‌ಮನ್ ಸರ್ ಹೇಳಿದ್ದೇ ಆಗಿತ್ತು. ಥರ್ಮಲ್ ಫ್ಯೂಸ್ ಹೋಗಿತ್ತು, ರಿಲೇ ಔಟ್‌ಪುಟ್ 0.4 ಓಮ್ ತೋರಿಸಿತು. ಎರಡೂ ಬದಲಿಸಿದೆ, ಫ್ಯೂಸ್ ಕ್ರಿಂಪ್ ಮಾಡಿದೆ. ರಿಲೇ ಕೆಳಗೆ ಹಳೆಯ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು, ಹೊಸದು ಹಚ್ಚಿದೆ. ಈಗ 93 ಡಿಗ್ರಿಗೆ ಬಂದು ನಿಲ್ಲುತ್ತದೆ. ಬೋರ್ಡಿನ ಮೂಲೆಯಲ್ಲಿ ಜಿರಳೆ ಹಿಕ್ಕೆ ಇತ್ತು, ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ತೆಗೆದೆ. ರಾತ್ರಿಯೆಲ್ಲ ಬೆಚ್ಚಗಿರುವ ಮೆಷಿನ್ ಅವಕ್ಕೆ ಬಹಳ ಇಷ್ಟ. ಬೋರ್ಡ್ ಇರುವ ಮೆಷಿನ್ ಇಟ್ಟುಕೊಂಡವರು ಒಮ್ಮೆ ಅಲ್ಲಿಯೂ ಟಾರ್ಚ್ ಬಿಡಿ.

ಕರಾವಳಿ_ಕಾಫಿ (ಮಂಗಳೂರು)

ಮೆಗ್ಗರ್ ಮಾಡಿಸಿದೆ. ರಿವೈಂಡಿಂಗ್ ಅಂಗಡಿಯವರು ದುಡ್ಡೂ ತೆಗೆದುಕೊಳ್ಳಲಿಲ್ಲ. ತಣ್ಣಗಿದ್ದಾಗ 0.3 ಮೆಗಾಓಮ್. ಬಾಯ್ಲರ್ ಅನ್ನು ಹಾಟ್ ಗನ್ನಿನಿಂದ ಬಿಸಿ ಮಾಡಿ ನೋಡಿದಾಗ ಮುಳ್ಳು ಸೊನ್ನೆಯ ಹತ್ತಿರಕ್ಕೇ ಬಂತು. ಪಂಪ್ ಡಯೋಡ್ ಮೋಡ್‌ನಲ್ಲಿ ಒಂದು ಕಡೆಯಿಂದ ಮಾತ್ರ ಸಂಖ್ಯೆ ತೋರಿಸಿತು, ಅದು ಸರಿ ಇದೆ.

ಬಾಯ್ಲರ್ ಮೇಲ್ಭಾಗ ಟಾರ್ಚ್ ಬಿಟ್ಟು ನೋಡಿದೆ. ಎಲಿಮೆಂಟ್‌ನ ಒಂದು ಟರ್ಮಿನಲ್ ಬುಡದಲ್ಲಿ ಹಸಿರು ಕಿಲುಬು, ಪಕ್ಕದಲ್ಲಿ ಬಿಳಿ ಸುಣ್ಣದ ಗೆರೆ. ಗೆರೆ ಹಿಡಿದು ಹೋದರೆ ಬಾಯ್ಲರಿನ ಎರಡು ಭಾಗ ಸೇರುವ ಜಾಗಕ್ಕೆ ಹೋಗುತ್ತದೆ.

ಹಾಸನದ_ವೈರ್‌ಮನ್

ಬಹಳ ಚೆನ್ನಾಗಿ ನೋಡಿದ್ದೀರಿ. ಆ ಬಿಳಿ ಗೆರೆ ನೀರು ಹರಿದು ಒಣಗಿದ ದಾರಿ. ಬಾಯ್ಲರ್ ಗ್ಯಾಸ್ಕೆಟ್ (ಆ ಎರಡು ಭಾಗದ ನಡುವಿನ ರಬ್ಬರ್ ಉಂಗುರ) ಗಟ್ಟಿಯಾಗಿ ಜಿನುಗುತ್ತಿದೆ, ನೀರು ಟರ್ಮಿನಲ್ ಬುಡ ಸೇರಿ ಸೀಲ್ ಒಳಗೆ ಇಳಿದಿದೆ. ಎಲಿಮೆಂಟ್ ಮಾತ್ರ ಒಣಗಿಸಿದರೆ ಮತ್ತೆ ಅದೇ ಕಥೆ. ಮೊದಲು ಗ್ಯಾಸ್ಕೆಟ್.

ಬಾಯ್ಲರ್ ಹೊರಗೆ ತೆಗೆದು ಥರ್ಮೋಸ್ಟಾಟ್, ಥರ್ಮಲ್ ಫ್ಯೂಸ್, ರಬ್ಬರ್ ಎಲ್ಲ ಬಿಚ್ಚಿ. ಬರೀ ಲೋಹ ಉಳಿದಿರಬೇಕು. ಮನೆಯಲ್ಲಿ ಓಟಿಜಿ (ಸಣ್ಣ ಎಲೆಕ್ಟ್ರಿಕ್ ಓವನ್) ಇದ್ದರೆ 110 ಡಿಗ್ರಿಯಲ್ಲಿ ಕೆಲವು ಗಂಟೆ ಇಡಿ, ನಿಧಾನವಾಗಿ ತಣ್ಣಗಾಗಲಿ. ಆಮೇಲೆ ಮತ್ತೆ ಮೆಗ್ಗರ್. ಕೆಲವರು ಆರ್‌ಸಿಸಿಬಿ ಬೈಪಾಸ್ ಮಾಡಿ ಮೆಷಿನ್ ಓಡಿಸಿಯೇ ಎಲಿಮೆಂಟ್ ಒಣಗಿಸುತ್ತಾರೆ. ಅದು ಬೇಡ, ಒಣಗುವವರೆಗೆ ಯಾರು ಮುಟ್ಟುತ್ತಾರೋ ಗೊತ್ತಿಲ್ಲ. ಒಣಗಿದ ಮೇಲೂ ರೀಡಿಂಗ್ ಏರದಿದ್ದರೆ ಎಲಿಮೆಂಟ್ ಬದಲಿಸಲೇಬೇಕು. ನಿಮ್ಮ ಮಾಡೆಲ್‌ನಲ್ಲಿ ಎಲಿಮೆಂಟ್ ಬಾಯ್ಲರ್ ಒಳಗೇ ಎರಕವಾಗಿದ್ದರೆ ಬಾಯ್ಲರೇ ಬದಲಿಸಬೇಕಾಗುತ್ತದೆ.

ಸುಣ್ಣ ತೆಗೆಯಲು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರು ಸಾಕು. ಬಾಯ್ಲರ್ ಅಲ್ಯೂಮಿನಿಯಂನದಾದರೆ ಜಾಸ್ತಿ ಹೊತ್ತು ನೆನೆಸಬೇಡಿ, ಆಮ್ಲ ಲೋಹವನ್ನೂ ತಿನ್ನುತ್ತದೆ. ಟರ್ಮಿನಲ್ ಭಾಗವನ್ನು ಅದರಲ್ಲಿ ಮುಳುಗಿಸಲೇಬೇಡಿ.

ಎಸ್‌ಪಿ_ರೋಡ್_ಸಂಚಾರಿ

ಗ್ಯಾಸ್ಕೆಟ್ ಅಳತೆ ಸರಿಯಾಗಿ ತೆಗೆದುಕೊಳ್ಳಿ. ಹಳೆಯದು ಚಪ್ಪಟೆಯಾಗಿರುತ್ತದೆ, ದಪ್ಪ ಅದರಿಂದ ಗೊತ್ತಾಗುವುದಿಲ್ಲ. ಅದು ಕೂರುವ ತೋಡಿನ ಆಳ ಅಳೆಯಿರಿ. ಆಹಾರಕ್ಕೆ ಬಳಸುವ ಸಿಲಿಕೋನ್ ಅಥವಾ ಇಪಿಡಿಎಂ ರಬ್ಬರ್ ಕೇಳಿ.

ಬೇಗೂರು_ಬೋರ್‌ವೆಲ್

ಸುಣ್ಣದ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ನಮ್ಮದು ಬೋರ್ ನೀರು, ಬಹಳ ಗಡಸು. ಅದಕ್ಕೇ ಆರ್‌ಒ ನೀರು ಹಾಕುತ್ತೇನೆ. ಹೀಟ್ ಎಕ್ಸ್‌ಚೇಂಜರ್ ಮೆಷಿನ್. ಈಗ ಬಾಯ್ಲರ್ ತುಂಬಿದ ಮೇಲೂ ಪಂಪ್ ನಿಲ್ಲುವುದಿಲ್ಲ, ಸ್ಟೀಮ್ ವಾಂಡ್‌ನಿಂದ (ಆವಿ ಬಿಡುವ ನಳಿಗೆ) ನೀರು ಬರುತ್ತದೆ. ಕಂಟ್ರೋಲ್ ಬೋರ್ಡ್ ಹೋಗಿದೆ ಅಂತ ಸರ್ವಿಸ್‌ನವರು ದೊಡ್ಡ ಮೊತ್ತ ಹೇಳಿದ್ದಾರೆ.

ಹಾಸನದ_ವೈರ್‌ಮನ್

ಬೋರ್ಡಿಗೆ ದುಡ್ಡು ಕೊಡುವ ಮೊದಲು ನೀರು ಬದಲಿಸಿ ನೋಡಿ. ಆ ಬಾಯ್ಲರ್ ಒಳಗೆ ಒಂದು ಲೋಹದ ಕಡ್ಡಿ ಇಳಿಬಿಟ್ಟಿರುತ್ತದೆ. ನೀರು ಕಡ್ಡಿಗೆ ತಾಗಿದಾಗ ನೀರಿನ ಮೂಲಕ ಸಣ್ಣ ಕರೆಂಟ್ ಬಾಯ್ಲರ್ ಮೈಗೆ ಹರಿಯುತ್ತದೆ. ತುಂಬಿತು ಎಂದು ಬೋರ್ಡಿಗೆ ತಿಳಿಯುವುದು ಅದರಿಂದಲೇ. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆಯಾದರೆ ಆ ಕರೆಂಟ್ ಹರಿಯುವುದಿಲ್ಲ. ಆರ್‌ಒ ನೀರಿಗೆ ಸ್ವಲ್ಪ ಕಾವೇರಿ ನೀರು ಬೆರೆಸಿ ತುಂಬಿ. ಹಾಗೂ ಸರಿಯಾಗದಿದ್ದರೆ ಕಡ್ಡಿ ತೆಗೆದು ನೋಡಿ, ಅದರ ಮೇಲೆ ಸುಣ್ಣದ ಪದರ ಕೂತಿದ್ದರೂ ಇದೇ ಲಕ್ಷಣ. ಕಡ್ಡಿಯಿಂದ ಬೋರ್ಡಿಗೆ ಹೋಗುವ ವೈರ್ ಕಳಚಿದ್ದರೂ ಹೀಗೇ ಆಗುತ್ತದೆ.

ಬೇಗೂರು_ಬೋರ್‌ವೆಲ್

ಕಾವೇರಿ ನೀರು ಬೆರೆಸಿದೆ. ಪಂಪ್ ನಿಂತಿತು. ಬೋರ್ಡ್ ಆರ್ಡರ್ ರದ್ದು ಮಾಡಿದೆ. ತುಂಬಾ ಧನ್ಯವಾದ ಸರ್.

ಕರಾವಳಿ_ಕಾಫಿ (ಮಂಗಳೂರು)

ನನ್ನದೂ ಮುಗಿಯಿತು. ಗ್ಯಾಸ್ಕೆಟ್ ಬಿಚ್ಚುವಾಗಲೇ ಮುರಿಯಿತು, ಅಷ್ಟು ಗಟ್ಟಿಯಾಗಿತ್ತು. ಓಟಿಜಿಯಲ್ಲಿ ಒಣಗಿಸಿದ ಮೇಲೆ ಮೆಗ್ಗರ್ 20 ಮೆಗಾಓಮ್ ದಾಟಿತು, ಬಿಸಿಯಿದ್ದಾಗಲೂ ಹಾಗೇ ನಿಂತಿತು. ಹೊಸ ಗ್ಯಾಸ್ಕೆಟ್ ಹಾಕಿ, ಕಿಲುಬು ಹಿಡಿದ ಟರ್ಮಿನಲ್ ಲಗ್ ಬದಲಿಸಿ ಜೋಡಿಸಿದೆ. ಒಂದು ಗಂಟೆ ಓಡಿಸಿದರೂ ಆರ್‌ಸಿಸಿಬಿ ಬೀಳಲಿಲ್ಲ. ಅರ್ಥ್ ಪಿನ್ ಇದ್ದಲ್ಲೇ ಇದೆ.

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮೆಷಿನ್ ಹಾಕುತ್ತಿದ್ದ 6 ಆಂಪಿಯರ್ ಸಾಕೆಟ್‌ನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ. ಅದಕ್ಕೂ ಈ ಟ್ರಿಪ್‌ಗೂ ಸಂಬಂಧ ಇದೆಯಾ?

ಹಾಸನದ_ವೈರ್‌ಮನ್

ಟ್ರಿಪ್‌ಗೆ ಸಂಬಂಧ ಇಲ್ಲ, ಆದರೆ ಅದನ್ನು ಬಿಡಬೇಡಿ. ಹೀಟರ್ 1350, ಪಂಪ್ ಸುಮಾರು 48 ವಾಟ್, ಒಟ್ಟು 6 ಆಂಪಿಯರ್ ದಾಟುತ್ತದೆ. ಸಾಕೆಟ್ ತನ್ನ ಮಿತಿಯಲ್ಲೇ ದಿನಾ ಕೆಲಸ ಮಾಡುತ್ತಿತ್ತು. ಒಳಗಿನ ಹಿತ್ತಾಳೆ ಪಟ್ಟಿ ಸಡಿಲವಾದರೆ ಆ ಜಾಗವೇ ಕಾಯುತ್ತದೆ. ಇದನ್ನು ಎಂಸಿಬಿಯೂ ಹಿಡಿಯುವುದಿಲ್ಲ, ಆರ್‌ಸಿಸಿಬಿಯೂ ಹಿಡಿಯುವುದಿಲ್ಲ. 16 ಆಂಪಿಯರ್ ಸಾಕೆಟ್ ಹಾಕಿಸಿ, ಅದಕ್ಕೆ 2.5 ಸ್ಕ್ವೇರ್ ಎಂಎಂ ವೈರ್ ನೇರವಾಗಿ ಡಿಬಿಯಿಂದ ಎಳೆಸಿ. ಪ್ಲಗ್ ಕೂಡ 16ರದ್ದೇ ಹಾಕಿ, ನಡುವೆ ಕನ್ವರ್ಷನ್ ಪ್ಲಗ್ ಬೇಡ. ಹಾಕಿದ ಮೇಲೆ ಅರ್ಧ ಗಂಟೆ ಮೆಷಿನ್ ಓಡಿಸಿ, ಪ್ಲಗ್‌ನ ಹಿಂಬದಿ ಮುಟ್ಟಿ ನೋಡಿ. ಉಗುರು ಬೆಚ್ಚಗಿರುವುದಕ್ಕಿಂತ ಜಾಸ್ತಿ ಬಿಸಿಯಿದ್ದರೆ ಸ್ಕ್ರೂ ಮತ್ತೆ ಬಿಗಿ ಮಾಡಿಸಿ.

ಕರಾವಳಿ_ಕಾಫಿ (ಮಂಗಳೂರು)

ಆಯ್ತು ಸರ್. ಶನಿವಾರ ಕಾಂಟ್ರಾಕ್ಟರ್ ಬರುತ್ತಾರೆ, ಸಾಕೆಟ್ ಜೊತೆಗೆ ಅರ್ಥ್ ಕೂಡ ಅಳತೆ ಮಾಡಿಸುತ್ತೇನೆ. ಅಲ್ಲಿಯವರೆಗೆ ಫಿಲ್ಟರ್ ಕಾಫಿ ಕುಡಿಯುತ್ತೇವೆ.